ಕಾಣದ ಸೀನಿಗೆ ಆರ್‌ಆರ್ ಮಾಡೋದು ಹೇಗೆ

(ಕಿರುಚಿತ್ರ ಮಾಡೋ ಹುಡುಗ ಹುಡುಗಿಯರ ಒಂದು ಗುಂಪಿನ ಮುಂದೆ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಧ್ಯೆ ಲ್ಯಾಪ್‌ಟಾಪಲ್ಲಿ ನುಡಿಸಿ ಕೇಳಿಸಿದ ಭಾಗ ಬಿಟ್ಟಿದೀನಿ, ಮಿಕ್ಕಿದ್ದು ಹೆಚ್ಚುಕಮ್ಮಿ ಮಾತಾಡಿದ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ನಾನು ಹುಟ್ಟು ಕುರುಡ, ಕೆಲಸ ಮ್ಯೂಸಿಕ್ಕು, ಅದ್ರಲ್ಲೂ ಜಾಸ್ತಿ ಮಾಡೋದು ಕಿರುಚಿತ್ರ, ಡಾಕ್ಯುಮೆಂಟರಿ, ಜಾಹೀರಾತು ಇಂಥವಕ್ಕೆ ಹಿನ್ನೆಲೆ ಸಂಗೀತ, ಗಾಂಧಿನಗರದ ಭಾಷೇಲಿ ಆರ್‌ಆರ್, ಅಂದ್ರೆ ರೀರೆಕಾರ್ಡಿಂಗು. ಇದನ್ನ ಹೇಳಿದ ತಕ್ಷಣ ಎದುರಿಗಿರೋರು ಒಂದು ಕ್ಷಣ ಸುಮ್ನಾಗ್ತಾರೆ, ಆಮೇಲೆ ತುಂಬಾ ಮೆತ್ತಗೆ ಕೇಳ್ತಾರೆ, ನೋಡ್ದೇ ಇರೋ ಸೀನಿಗೆ ಹೆಂಗೆ ಮ್ಯೂಸಿಕ್ ಕೂರಿಸ್ತೀರ ಅಂತ. ಮೆತ್ತಗೆ ಕೇಳೋದು ಬೇಡ, ಗಟ್ಟಿಯಾಗೇ ಕೇಳಿ. ಉತ್ತರ ಈಗ್ಲೇ ಹೇಳ್ಬಿಡ್ತೀನಿ: ಯಾವಾಗ ಏನಾಗತ್ತೆ ಅಂತ ನನಗೆ ಗೊತ್ತಾಗ್ಬೇಕು, ಅಷ್ಟು ಸಾಕು, ಅದನ್ನ ಹೇಳ್ಬೇಕಾದೋರು ನೀವು. ಟೆಕ್ನಿಕಲ್ ತೊಂದ್ರೆಗಳಿಗೆ ಬಹುತೇಕ ದಾರಿ ಇದೆ, ಬಾಯೇ ಬಿಡದ ಡೈರೆಕ್ಟರಿಗೆ ಮಾತ್ರ ಯಾವ ಪ್ಲಗಿನ್ನೂ ಬಂದಿಲ್ಲ.

ಇದೇನೋ ಹೊಸ ಸಾಹಸ ಅಂತ ಅಂದ್ಕೋಬೇಡಿ. ರವೀಂದ್ರ ಜೈನ್ ಹೆಸರು ಕೇಳಿರ್ತೀರ, 1944ರಲ್ಲಿ ಅಲಿಗಢದಲ್ಲಿ ಹುಟ್ಟಿದೋರು, ಅವರಿಗೂ ಹುಟ್ಟಿನಿಂದ ಕಣ್ಣು ಕಾಣ್ತಿರ್ಲಿಲ್ಲ. ಹಿಂದಿ ಸಿನಿಮಾದಲ್ಲಿ ಯೇಸುದಾಸ್ ಕೈಲಿ ಅಷ್ಟು ಒಳ್ಳೊಳ್ಳೆ ಹಾಡು ಹಾಡಿಸಿದೋರು, 1987-88ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಊರಿಗೆ ಊರೇ ಕೂತು ನೋಡ್ತಿದ್ದ ರಾಮಾಯಣಕ್ಕೆ ಸಂಗೀತ ಅವರದೇ. ಅದಕ್ಕೆ ಯಾರಾದ್ರೂ ಹೇಳ್ಬಹುದು, ಹಾಡು ಅಂದ್ರೆ ಮೊದ್ಲು ಟ್ಯೂನು ಆಮೇಲೆ ಶೂಟಿಂಗು, ಅದಕ್ಕೆ ಕಣ್ಣು ಯಾಕೆ ಬೇಕು ಅಂತ. ಒಪ್ತೀನಿ, ಹಾಡಿನ ಕೆಲಸ ಹಂಗೇ ನಡ್ಯತ್ತೆ. ಆದ್ರೆ ಆರ್‌ಆರ್ ಉಲ್ಟಾ, ಅಲ್ಲಿ ಚಿತ್ರ ಆಗ್ಲೇ ಕಟ್ ಆಗಿ ಕೂತಿರತ್ತೆ, ಮ್ಯೂಸಿಕ್ಕು ಅದರ ಹಿಂದೆ ಓಡ್ಬೇಕು.

ಆ ಕೆಲಸಕ್ಕೆ ನನಗೆ ಗೊತ್ತಿರೋ ಚೆಂದದ ಉದಾಹರಣೆ ಸ್ಟೀವಿ ವಂಡರ್. ಗಿಡಗಳ ಬಗ್ಗೆ ಒಂದು ಡಾಕ್ಯುಮೆಂಟರಿಗೆ ಅವರು ಪೂರ್ತಿ ಸ್ಕೋರ್ ಮಾಡಿದ್ರು, ಆಲ್ಬಂ ಬಂದಿದ್ದು 1979ರಲ್ಲಿ. ಹೆಂಗೆ ಮಾಡಿದ್ರು ಅಂದ್ರೆ, ಚಿತ್ರದ ನಿರ್ಮಾಪಕ ಮೈಕಲ್ ಬ್ರೌನ್ ಪ್ರತಿ ದೃಶ್ಯದಲ್ಲಿ ಏನಿದೆ ಅಂತ ಬಿಡಿಸಿ ಹೇಳೋದು, ಸೌಂಡ್ ಇಂಜಿನಿಯರ್ ಗ್ಯಾರಿ ಒಲಾಜಬಾಲ್ ಆ ಭಾಗ ಎಷ್ಟು ಹೊತ್ತು ಅಂತ ಹೇಳೋದು, ಇದೆಲ್ಲ 4 ಟ್ರ್ಯಾಕಿನ ಟೇಪಿಗೆ ಹೋಗೋದು, ಅದರಲ್ಲೇ ಒಂದು ಟ್ರ್ಯಾಕಲ್ಲಿ ಸಿನಿಮಾದ ಸೌಂಡು, ಉಳಿದ ಜಾಗದಲ್ಲಿ ಸ್ಟೀವಿ ನುಡಿಸೋದು. ಇವತ್ತು ನಾನು ಮಾಡೋದೂ ಅದೇ ಕೆಲಸ ಸ್ವಾಮಿ, ಟೇಪಿನ ಬದ್ಲು ಲ್ಯಾಪ್‌ಟಾಪ್ ಬಂದಿದೆ, 4 ಟ್ರ್ಯಾಕಿನ ಬದ್ಲು ಎಷ್ಟು ಬೇಕಾದ್ರೂ ಟ್ರ್ಯಾಕ್.

ನಮ್ ಕಡೆಗೆ ಬಂದ್ರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ರಿಗೂ ಕಣ್ಣಿರ್ಲಿಲ್ಲ, ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಹೊಟ್ಟೆಪಾಡು ಮಾಡಿಕೊಟ್ರು. ಅದು ಎಲ್ರಿಗೂ ಗೊತ್ತು. ಆಶ್ರಮದ್ದು ಒಂದು ನಾಟಕ ಕಂಪನಿನೂ ಇತ್ತು, ಪುಟ್ಟರಾಜ ಗವಾಯಿಗಳೇ ನಾಟಕ ಬರೀತಿದ್ರು ಅನ್ನೋದು ಅಷ್ಟಾಗಿ ಯಾರೂ ಮಾತಾಡಲ್ಲ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರ್ ಕೆಲಸ ಏನು ಹೇಳಿ? ಮಾತು ಎಲ್ಲಿ ನಿಲ್ಲತ್ತೆ ಅಂತ ಕಾಯ್ಬೇಕು, ಪಾತ್ರ ಒಳಗೆ ಬರೋವಾಗ ಸುರ ಎತ್ಬೇಕು, ಖಳನಾಯಕ ಗುಡುಗಿದ್ರೆ ತಬಲಾದವನ ಜೊತೆ ಸೇರಿ ಒಂದು ಏಟು ಕೊಡ್ಬೇಕು. ಅಲ್ಲಿ ಕ್ಯೂ ಬರೋದು ಮಾತಿಂದ, ಹೆಜ್ಜೆ ಸದ್ದಿಂದ, ಪರದೆ ಸರಿಯೋ ಸದ್ದಿಂದ. ಅದು ಲೈವ್ ಆರ್‌ಆರ್ ಅಲ್ದೆ ಇನ್ನೇನು?

ಸರಿ, ಈಗ ಕೆಲಸದ ಮಾತು.

ಮ್ಯೂಸಿಕ್ ರೆಕಾರ್ಡ್ ಮಾಡಿ ಜೋಡಿಸೋಕೆ ನಾನು ಬಳಸೋ ಸಾಫ್ಟ್‌ವೇರ್ ರೀಪರ್. ಒಂದು ಕಾಲಕ್ಕೆ ಕಂಪ್ಯೂಟರಲ್ಲಿ ಹಾಡು ಕೇಳೋ ವಿನ್ಯಾಂಪ್ ಮಾಡಿದ್ದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನಿದು. ರೀಪರ್ ತಾನಾಗೇ ಮಾತಾಡಲ್ಲ. ವಿಂಡೋಸಲ್ಲಿ ಎನ್‌ವಿಡಿಎ ಅಂತ ಸ್ಕ್ರೀನ್ ರೀಡರ್ ಇದೆ, ಅಂದ್ರೆ ಸ್ಕ್ರೀನಲ್ಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರು, ಫ್ರೀ, ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಶುರು ಮಾಡಿದ್ದು, ಜೊತೆಗೆ ಸೇರಿಕೊಂಡಿದ್ದು ಜೇಮ್ಸ್ ಟೆ, ಇಬ್ರೂ ಅಂಧರೇ. ಅದೇ ಜೇಮ್ಸ್ ಟೆ ರೀಪರ್‌ಗೋಸ್ಕರ ಒಸಾರಾ ಅಂತ ಒಂದು ಎಕ್ಸ್‌ಟೆನ್ಷನ್ ಶುರು ಮಾಡಿದ್ರು, ಅದೂ ಫ್ರೀ. ಒಸಾರಾ ಹಾಕಿದ್ಮೇಲೆ ಬಾಣದ ಕೀ ಒತ್ತಿದ್ರೆ ಯಾವ ಟ್ರ್ಯಾಕು, ಮ್ಯೂಟಾ ಸೋಲೋನಾ, ಕರ್ಸರ್ ಎಷ್ಟನೇ ಸೆಕೆಂಡಲ್ಲಿದೆ, ಮಾರ್ಕರ್ ಹೆಸರೇನು ಎಲ್ಲ ಓದತ್ತೆ. ಲೆವೆಲ್ ಮೀಟರ್ ಕೆಂಪಾಯ್ತಾ ಅಂತ ನೀವು ಕಣ್ಣಲ್ಲಿ ನೋಡ್ತೀರಲ್ಲ, ಅದಕ್ಕೆ ಪೀಕ್ ವಾಚರ್ ಅಂತ ಇದೆ, ಇಂತಿಷ್ಟು ದಾಟಿದ್ರೆ ಹೇಳು ಅಂತ ಇಟ್ರೆ ಹೇಳತ್ತೆ. ನೋಡೋರು ಎಷ್ಟೋ ಸಲ ಮೀಟರ್ ಕಡೆ ತಿರುಗೋದೇ ಇಲ್ಲ ಅಂತ ಕೇಳಿದೀನಿ, ನನಗೆ ಆ ಸೌಕರ್ಯ ಇಲ್ಲ, ಅದು ಕಿವೀಲಿ ಬಂದು ಹೇಳೇ ಹೇಳತ್ತೆ.

ಇಲ್ಲಿ ಒಂದು ತಮಾಷೆ ಸಮಸ್ಯೆ. ಕಂಪ್ಯೂಟರ್ ಮಾತಾಡೋದೂ ಕಿವಿಗೆ, ಮ್ಯೂಸಿಕ್ಕೂ ಕಿವಿಗೆ, ಸಿನಿಮಾದ ಡೈಲಾಗೂ ಕಿವಿಗೆ, ವರ್ಣನೆ ಹೇಳೋರ ದನಿನೂ ಅದೇ ಕಿವಿಗೆ. ನಾನು ಮಾಡೋದು ಹೀಗೆ: ಮ್ಯೂಸಿಕ್ ಎಲ್ಲ ಆಡಿಯೊ ಇಂಟರ್‌ಫೇಸ್ (ಮೈಕು, ಹೆಡ್‌ಫೋನನ್ನ ಕಂಪ್ಯೂಟರಿಗೆ ಸೇರಿಸೋ ಡಬ್ಬ) ಮೂಲಕ ಹೆಡ್‌ಫೋನಿಗೆ, ಎನ್‌ವಿಡಿಎ ದನಿ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿಗೆ. ಎನ್‌ವಿಡಿಎ ಸೆಟ್ಟಿಂಗ್ಸಲ್ಲೇ ಯಾವ ಡಿವೈಸಿಂದ ಮಾತಾಡ್ಬೇಕು ಅಂತ ಆರಿಸ್ಬಹುದು. ಆಗ ಎರಡೂ ಬೇರೆ ಬೇರೆ ಜಾಗದಿಂದ ಬರತ್ತೆ, ಮೆದುಳು ಬೇರೆ ಮಾಡ್ಕೊಳತ್ತೆ. ಮೈಕ್ ಇಟ್ಟು ಕೊಳಲು ರೆಕಾರ್ಡ್ ಮಾಡೋವಾಗ ಮಾತ್ರ ಸ್ಕ್ರೀನ್ ರೀಡರ್ ಬಾಯಿ ಮುಚ್ಚಿಸ್ಬೇಕು, ಇಲ್ಲಾಂದ್ರೆ ಹಂಸಧ್ವನಿ ಮಧ್ಯೆ ಬ್ಯಾಟರಿ ಲೋ ಅಂತ ಬರತ್ತೆ.

ವಿಡಿಯೊ ಬಂತು ಅಂದ್ಕೊಳ್ಳಿ. ಮೊದಲ ಸಲ ಯಾರ ಸಹಾಯನೂ ಇಲ್ದೆ ಬರೀ ಸೌಂಡ್ ಕೇಳ್ತೀನಿ. ಡೈಲಾಗ್ ಇರೋ ಸಿನಿಮಾ ಆದ್ರೆ ಅರ್ಧಕ್ಕಿಂತ ಜಾಸ್ತಿ ಇದರಲ್ಲೇ ಗೊತ್ತಾಗತ್ತೆ. ಆಮೇಲೆ ಡೈರೆಕ್ಟರಿಗೆ ಫೋನ್. ಸ್ಕ್ರಿಪ್ಟ್ ಕಳ್ಸಿ ಅಂತೀನಿ, ಅವರು ಕಳಿಸ್ತಾರೆ, ಅದು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋದು! ನಿಮ್ ಸ್ಕ್ರೀನಲ್ಲಿ ಅದು ಅಚ್ಚುಕಟ್ಟಾದ ಕನ್ನಡ, ನನ್ ಸ್ಕ್ರೀನ್ ರೀಡರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿದ ಕಲಸುಮೇಲೋಗರ, ಯಾಕಂದ್ರೆ ಒಳಗಿರೋದು ಯೂನಿಕೋಡ್ ಅಲ್ಲ. ದಯವಿಟ್ಟು ಯೂನಿಕೋಡಲ್ಲಿ ಕೊಡಿ. ಕಾಗದದ್ದು ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸೋರಿಗೆ ನಾನು ಏನೂ ಹೇಳಲ್ಲ, ಸುಮ್ನೆ ಫೋನ್ ಮಾಡಿ ಓದಿಸ್ತೀನಿ, ಪೂರ್ತಿ.

ಆಮೇಲೆ ಬರೋದು ನಿಜವಾದ ಕೆಲಸ, ಹೇಳಿಸೋದು. ಡೈರೆಕ್ಟರ್ ವಿಡಿಯೊ ಪ್ಲೇ ಮಾಡ್ಕೊಂಡು ಅದ್ರ ಮೇಲೇ ಫೋನಿನ ವಾಯ್ಸ್ ರೆಕಾರ್ಡರಲ್ಲಿ ಮಾತಾಡ್ತಾ ಹೋಗ್ಬೇಕು, ಶುರುವಲ್ಲಿ ಪ್ಲೇ ಒತ್ತೋವಾಗ ಒಂದು ಚಪ್ಪಾಳೆ, ಅದನ್ನ ಹಿಡ್ಕೊಂಡು ನಾನು ಟ್ರ್ಯಾಕ್ ಸರಿಯಾಗಿ ಕೂರಿಸ್ತೀನಿ. ಎರಡು ಸಲ ಮಾಡಿಸ್ತೀನಿ. ಮೊದಲ ಸಲ ಬರೀ ಏನಾಗ್ತಿದೆ ಅಷ್ಟೇ: ಅಮ್ಮ ಬಾಗಿಲ ಹತ್ರ ನಿಂತಿದಾಳೆ, ಕಟ್, ಹುಡುಗನ ಕೈ, ಕಟ್, ಖಾಲಿ ರಸ್ತೆ, ಕ್ಯಾಮೆರಾ ನಿಧಾನಕ್ಕೆ ಹಿಂದೆ ಹೋಗ್ತಿದೆ. ಎರಡನೇ ಸಲ, ನೋಡೋನಿಗೆ ಇಲ್ಲಿ ಏನನ್ನಿಸ್ಬೇಕು ಅಂತ. ಎರಡನ್ನೂ ಒಂದೇ ಸಲ ಹೇಳಿ ಅಂದ್ರೆ ಯಾರ ಕೈಲೂ ಆಗಲ್ಲ, ತುಂಬಾ ದುಃಖದ ಶಾಟ್ ಸಾರ್ ಅಂತಾರೆ, ಶಾಟಲ್ಲಿ ಏನಿದೆ ಅಂತ ಮರ್ತೇ ಹೋಗಿರತ್ತೆ. ಮತ್ತೆ ಹೇಳ್ತಾ ಹೇಳ್ತಾ ಅವರೇ ತಡವರಿಸೋ ಜಾಗಗಳು ಬರತ್ತೆ ನೋಡಿ, ಇಲ್ಲಿ... ಇಲ್ಲಿ ಸುಮ್ನೆ ನಡ್ಕೊಂಡು ಹೋಗ್ತಾನೆ ಸಾರ್, ಅಂತ. ಅಂಥ ಜಾಗದಲ್ಲಿ ನಾನು ಮ್ಯೂಸಿಕ್ ಹಾಕೋದಕ್ಕಿಂತ ಮುಂಚೆ ಕೇಳ್ತೀನಿ, ಈ ಶಾಟ್ ಯಾಕಿದೆ? ಕೆಲವು ಸಲ ಎಡಿಟಲ್ಲಿ ಆ ಶಾಟೇ ಹೋಗಿದೆ.

ಬಣ್ಣ ಹೇಳ್ಬೇಡಿ ಅನ್ನಲ್ಲ, ಹೇಳಿ, ಆದ್ರೆ ಹಳದಿ ಬೆಳಕು ಅಂದ್ರೆ ನನಗೆ ಅದು ಮಾಹಿತಿ ಅಷ್ಟೇ. ಅದಕ್ಕಿಂತ ಹತ್ರನಾ ದೂರನಾ, ಜನ ಇದಾರಾ ಖಾಲಿನಾ, ಕ್ಯಾಮೆರಾ ನಿಂತಿದೆಯಾ ಓಡ್ತಿದೆಯಾ, ಪಾತ್ರದ ಮುಖ ಕಾಣತ್ತಾ ಬೆನ್ನಾ, ಇದು ನನಗೆ ನೇರ ಉಪಯೋಗಕ್ಕೆ ಬರತ್ತೆ.

ಕಟ್‌ಗಳ ಲೆಕ್ಕಕ್ಕೆ ಇನ್ನೊಂದು ದಾರಿ ಇದೆ, ಇದನ್ನ ಯಾಕೋ ಯಾರೂ ಹೇಳಿಕೊಡಲ್ಲ. ನಿಮ್ಮ ಎಡಿಟರ್ ಹತ್ರ ಇಡಿಎಲ್ ಕೇಳಿ, ಎಡಿಟ್ ಡಿಸಿಷನ್ ಲಿಸ್ಟು. ಟೇಪಿನ ಕಾಲದ ಫಾರ್ಮ್ಯಾಟು, ಈಗ್ಲೂ ಡಾವಿಂಚಿ ರಿಸಾಲ್ವಂಥ ಎಡಿಟಿಂಗ್ ಸಾಫ್ಟ್‌ವೇರಲ್ಲೆಲ್ಲ ಎಕ್ಸ್‌ಪೋರ್ಟ್ ಆಗತ್ತೆ. ಅದು ಬರೀ ಟೆಕ್ಸ್ಟ್ ಫೈಲು ಕಣ್ರಿ! ಪ್ರತಿ ಸಾಲಲ್ಲಿ ಒಂದು ಶಾಟು, ಯಾವ ಟೈಮ್‌ಕೋಡಿಂದ ಯಾವ ಟೈಮ್‌ಕೋಡಿಗೆ, ಕಟ್ಟಾ ಡಿಸಾಲ್ವಾ, ಎಲ್ಲ ಬರೆದಿರತ್ತೆ. ನೋಟ್‌ಪ್ಯಾಡಲ್ಲಿ ತೆಗೆದು ಸ್ಕ್ರೀನ್ ರೀಡರಲ್ಲಿ ಕೇಳಿದ್ರೆ ಸಿನಿಮಾದ ಲಯ ಗೊತ್ತಾಗ್ಬಿಡತ್ತೆ, ಇಲ್ಲಿ ಶಾಟುಗಳು ಉದ್ದುದ್ದ, ಇಲ್ಲಿಂದ ಚಿಕ್ಕದಾಗ್ತಾ ಬಂದು ಇಲ್ಲಿ ಸರ ಸರ ಅಂತ ಕಟ್ಟು. ಸಿನಿಮಾ ನೋಡಿದೋರಿಗೂ ಇಷ್ಟು ಕರಾರುವಾಕ್ಕಾಗಿ ಗೊತ್ತಿರಲ್ಲ. ಇಡಿಎಲ್ ಸಿಗದಿದ್ರೆ ಕಣ್ಣಿರೋ ಗೆಳೆಯನ್ನ ಪಕ್ಕ ಕೂರಿಸ್ಕೊಂಡು, ರೀಪರ್ ಓಡ್ತಿರೋವಾಗ ಕಟ್ ಬಂದಾಗೆಲ್ಲ ಎಂ ಕೀ ಒತ್ತು ಅಂತೀನಿ, ಮಾರ್ಕರ್ ಬೀಳತ್ತೆ. ಮನುಷ್ಯ ನೋಡಿ ಒತ್ತೋ ಹೊತ್ತಿಗೆ ಹೆಚ್ಚುಕಮ್ಮಿ ಕಾಲು ಸೆಕೆಂಡ್ ಲೇಟಾಗಿರತ್ತೆ, ಅಷ್ಟು ಹಿಂದಕ್ಕೆ ಸರಿಸ್ಬೇಕು.

ಈಗ ಲೆಕ್ಕ. ಸಿನಿಮಾ ಅಂದ್ರೆ ಸೆಕೆಂಡಿಗೆ 24 ಫ್ರೇಮು, ನಮ್ ಟೀವಿ 25. 25ರಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡು. ಸೀನಲ್ಲಿ ಬಾಗಿಲು ತೆರೆಯೋದು 22.4ನೇ ಸೆಕೆಂಡಿಗೆ ಅಂದ್ಕೊಳ್ಳಿ, ಅಂದ್ರೆ 22 ಸೆಕೆಂಡು 10 ಫ್ರೇಮು, ಅಲ್ಲಿಗೆ ನನ್ನ ಮ್ಯೂಸಿಕ್ ಸಮಕ್ಕೆ, ಅಂದ್ರೆ ತಾಳದ ಮೊದಲ ಬೀಟಿಗೆ, ಬರ್ಬೇಕು. ಎಷ್ಟು ಬೀಟ್ ಬೇಕೋ ಅದನ್ನ 60ರಿಂದ ಗುಣಿಸಿ ಸೆಕೆಂಡಿಂದ ಭಾಗಿಸಿ, ಟೆಂಪೊ ಬರತ್ತೆ. ಆದಿತಾಳದಲ್ಲಿ 4 ಆವರ್ತ ಅಂದ್ರೆ 32 ಬೀಟು, 1920 ಭಾಗಿಸು 22.4, ಬಂತು 85.71. ಆ ಸೀನಿಗೆ ಇದು ಸ್ವಲ್ಪ ಓಟ ಆಯ್ತು ಅನ್ಸಿದ್ರೆ? ಮಿಶ್ರಛಾಪು ತಗೊಳ್ಳಿ, 7ರ 4 ಆವರ್ತ 28 ಬೀಟು, 1680 ಭಾಗಿಸು 22.4, ಸರಿಯಾಗಿ 75. ಬಾಗಿಲು ತೆರೆದಾಗ ಸಮ. ಪಶ್ಚಿಮದೋರು ಇದಕ್ಕೆ ಕ್ಲಿಕ್ ಟೇಬಲ್ ಅಂತ ಲೆಕ್ಕದ ಪಟ್ಟಿಗಳ ಪುಸ್ತಕ ಇಟ್ಕೊಂಡಿದ್ರು, ನಮ್ಮಲ್ಲಿ ತಬಲಾದೋರು ತಿಹಾಯಿನ (ಮೂರು ಸಲ ನುಡಿಸಿ ಮುಗಿಸೋ ತುಣುಕು) ಎಲ್ಲಿಂದ ಎತ್ತಿದ್ರೆ ಸಮಕ್ಕೆ ಬೀಳತ್ತೆ ಅಂತ ಬೆರಳಲ್ಲೇ ಲೆಕ್ಕ ಹಾಕ್ತಾರೆ, ಮೃದಂಗದೋರು ಮುಕ್ತಾಯಕ್ಕೆ ಹಾಕ್ತಾರೆ. ಹಂಗಾಗಿ ನಮ್ ಹುಡುಗರಿಗೆ ಆರ್‌ಆರ್ ಲೆಕ್ಕ ಕಷ್ಟ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ಫ್ರೇಮ್ ಲೆಕ್ಕದಲ್ಲಿ ನಿಖರವಾಗಿರ್ಬೇಕಾ ಅಂತ ಗಾಬರಿ ಬೇಡ. ಐಟಿಯು, ಅಂದ್ರೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ, ಅದರ ಪ್ರಕಾರ ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದ್ರೆ ಜನಕ್ಕೆ ಗೊತ್ತಾಗೋಕೆ ಶುರುವಾಗತ್ತೆ, ತಡವಾದ್ರೆ ಸುಮಾರು 125ರವರೆಗೂ ಗೊತ್ತಾಗಲ್ಲ. ಮಿಂಚು ಮೊದ್ಲು, ಗುಡುಗು ಆಮೇಲೆ ಅನ್ನೋದು ನಮಗೆ ರೂಢಿ. ಅದಕ್ಕೆ ನನ್ನ ಏಟುಗಳು ಒಂದೆರಡು ಫ್ರೇಮ್ ಹಿಂದೇನೇ ಬೀಳತ್ತೆ, ಬೇಕಂತ್ಲೇ. ಮತ್ತೆ ಪ್ರತಿ ಕಟ್ಟಿಗೂ ಏಟು ಕೊಡೋಕೆ ಹೋಗ್ಬೇಡಿ, ಕಾರ್ಟೂನ್ ಆಗತ್ತೆ. ಎಲ್ಲ ಮಾರ್ಕರ್ ಕೈಲಿದೆ ಅಂತ ಎಲ್ಲದಕ್ಕೂ ಢಂ ಅನ್ನೋದು ಹೊಸಬರ ಚಟ.

ಒಂದು ಎಚ್ಚರಿಕೆ, ಕಣ್ಣು ಕಾಣದೋರು ಇದ್ರೆ ವಿಶೇಷವಾಗಿ ಅವರಿಗೆ. ರೀಪರಲ್ಲಿ ಮಧ್ಯೆ ಟೆಂಪೊ ಬದಲಾಯಿಸಿದ್ರೆ ವಿಡಿಯೊ ಐಟಮ್ಮೂ ಬೀಟಿಗೆ ಅಂಟಿಕೊಂಡು ಜರುಗ್ಬಹುದು. ಕಣ್ಣಿರೋರಿಗೆ ಸ್ಕ್ರೀನಲ್ಲಿ ತಕ್ಷಣ ಗೊತ್ತಾಗತ್ತೆ, ನಮಗೆ ಸದ್ದಿಲ್ದೆ ಎಲ್ಲ ಪಲ್ಟಿ. ಅದಕ್ಕೆ ವಿಡಿಯೊ, ಡೈಲಾಗು, ವರ್ಣನೆ ಈ ಟ್ರ್ಯಾಕುಗಳ ಟೈಮ್‌ಬೇಸನ್ನ ಬೀಟ್ಸ್ ಬದ್ಲು ಟೈಮ್ ಅಂತ ಇಟ್ಟು, ಐಟಮ್ ಲಾಕ್ ಮಾಡಿ, ಆಮೇಲೆ ಟೆಂಪೊ ಮುಟ್ಟಿ. ಪ್ರಾಜೆಕ್ಟಿನ ಫ್ರೇಮ್ ರೇಟೂ ವಿಡಿಯೊದ ಫ್ರೇಮ್ ರೇಟೂ ಒಂದೇನಾ ಅಂತ ಎಡಿಟರನ್ನ ಕೇಳಿ ಇಟ್ಕೊಳ್ಳಿ.

ಎಡಿಟ್ ಲಾಕ್ ಆಗಿದೆ ಸಾರ್ ಅನ್ನೋ ಮಾತು ಗೊತ್ತಲ್ಲ ನಿಮಗೆ. (ನಗು.) ಲಾಕ್ ಆದ್ಮೇಲೆ ಎರಡು ದಿನಕ್ಕೆ ಹೊಸ ಫೈಲ್ ಬರತ್ತೆ, ಏನೂ ಬದಲಾಗಿಲ್ಲ ಸಾರ್ ಸ್ವಲ್ಪ ಟ್ರಿಮ್ ಅಷ್ಟೇ. ಎಲ್ಲಿ ಅಂದ್ರೆ ಅವರಿಗೇ ನೆನಪಿರಲ್ಲ. ಇದಕ್ಕೆ ಕಿವಿಯ ಉಪಾಯ ಇದೆ: ಹಳೇ ವಿಡಿಯೊದ ಸೌಂಡು ಒಂದು ಟ್ರ್ಯಾಕು, ಹೊಸದರ ಸೌಂಡು ಇನ್ನೊಂದು, ಎರಡನ್ನೂ ಕರೆಕ್ಟಾಗಿ ಒಟ್ಟಿಗೆ ಶುರು ಮಾಡಿ ಒಂದರ ಪೋಲಾರಿಟಿ, ಅಂದ್ರೆ ಸದ್ದಿನ ಅಲೆಯ ಏರಿಳಿತ, ಉಲ್ಟಾ ಮಾಡೋದು. ಎರಡೂ ಒಂದೇ ಇರೋವರೆಗೂ ಒಂದನ್ನೊಂದು ಕಳ್ಕೊಂಡು ಸದ್ದು ಹೋಗ್ಬಿಡತ್ತೆ, ಕಂಪ್ರೆಸ್ ಆದ ಫೈಲಾದ್ರೆ ಚೂರು ಗಸಗಸ ಉಳಿಯತ್ತೆ. ಎಲ್ಲಿ ಕತ್ತರಿ ಬಿದ್ದಿದ್ಯೋ ಅಲ್ಲಿಂದ ಇದ್ದಕ್ಕಿದ್ದ ಹಾಗೆ ಎರಡೂ ದನಿ ಜೋರಾಗಿ ಬರತ್ತೆ. ಅಲ್ಲಿ ಒಂದು ಮಾರ್ಕರ್ ಹಾಕಿ, ಹೊಸದನ್ನ ಮತ್ತೆ ಸದ್ದು ಹೋಗೋವರೆಗೂ ಸರಿಸಿದ್ರೆ ಎಷ್ಟು ಫ್ರೇಮ್ ತೆಗೆದಿದಾರೆ ಅಂತಾನೂ ಸಿಗತ್ತೆ. ಡೈರೆಕ್ಟರಿಗೆ ಫೋನ್ ಮಾಡಿ ಇಂಥಾ ಕಡೆ 14 ಫ್ರೇಮ್ ತೆಗೆದ್ರಲ್ಲಾ ಅಂದ್ರೆ ಅವರು ನಿಮಗೆ ಹೆಂಗೆ ಕಾಣ್ತು ಅಂತಾರೆ. ಸೌಂಡ್ ಹಾಗೇ ಇಟ್ಟು ಬರೀ ಚಿತ್ರ ಬದಲಿಸಿದ್ರೆ ಮಾತ್ರ ಇದು ಹಿಡಿಯಲ್ಲ, ಅದಕ್ಕೆ ಹೊಸ ಇಡಿಎಲ್ಲೇ ಬೇಕು.

ನಿಜವಾದ ತಲೆನೋವು ಚಿತ್ರ ಅಲ್ವೇ ಅಲ್ಲ, ಪ್ಲಗಿನ್ನು, ಅಂದ್ರೆ ರೀಪರ್ ಒಳಗೆ ಸೇರಿಸ್ಕೊಳ್ಳೋ ವಾದ್ಯ, ಎಫೆಕ್ಟುಗಳ ಸಾಫ್ಟ್‌ವೇರು. ಚೆಂದದ ತಿರುಗಣೆಗಳ ಫೋಟೊ ಥರ ಬರೆದಿರ್ತಾರೆ, ಸ್ಕ್ರೀನ್ ರೀಡರಿಗೆ ಅದು ಬರೀ ಖಾಲಿ ಕಿಟಕಿ. ದುಡ್ಡು ಕೊಟ್ಟು ತಗೊಂಡ ಒಂದು ತಂತಿವಾದ್ಯದ ಲೈಬ್ರರಿ ಇದೆ ನನ್ ಹತ್ರ, ವಯಲಿನ್ನಿಂದ ಚೆಲ್ಲೊಗೆ ಹೋಗೋಕೂ ಮೌಸ್ ಬೇಕು, ಕಂಪನಿಗೆ ಬರೆದ್ರೆ ನಿಮ್ಮ ಸಲಹೆಗೆ ಧನ್ಯವಾದ ಅಂತ ಬಂತು. ದಾರಿಗಳು ಅಂದ್ರೆ, ಒಸಾರಾದಲ್ಲಿ ಪ್ಲಗಿನ್ನಿನ ಪ್ಯಾರಾಮೀಟರ್‌ಗಳನ್ನ ಸಾದಾ ಪಟ್ಟಿ ಮಾಡಿ ಕೊಡೋ ಒಂದು ಕಿಟಕಿ ಇದೆ, ಅದರಲ್ಲಿ ಎಷ್ಟೋ ಕೆಲಸ ಆಗತ್ತೆ, ಅದ್ರಲ್ಲೂ ಆಗದ್ದನ್ನ ಕಣ್ಣಿರೋರನ್ನ ಒಂದು ಸಲ ಕೂರಿಸ್ಕೊಂಡು ಎಲ್ಲ ವಾದ್ಯನೂ ಲೋಡ್ ಮಾಡಿಸಿ ಟ್ರ್ಯಾಕ್ ಟೆಂಪ್ಲೇಟ್ ಆಗಿ ಸೇವ್ ಮಾಡಿಟ್ಕೊಂಡ್ರೆ ಆಮೇಲೆ ಯಾರ ಹಂಗೂ ಇಲ್ಲ. ನೇಟಿವ್ ಇನ್ಸ್ಟ್ರುಮೆಂಟ್ಸ್‌ನ ಎಸ್ ಸೀರೀಸ್ ಕೀಬೋರ್ಡುಗಳು ಗುಂಡಿ ಮುಟ್ಟಿದ್ರೆ ಬಾಯಿಬಿಟ್ಟು ಹೇಳತ್ತೆ. ಸರ್ಜ್ ಎಕ್ಸ್‌ಟಿ ಅಂತ ಫ್ರೀ ಸಿಂಥ್ ಇದೆ, ಸ್ಕ್ರೀನ್ ರೀಡರಲ್ಲಿ ಪೂರ್ತಿ ಆಡಿಸ್ಬಹುದು. ತುಂಬ ಜನ ಪ್ಲಗಿನ್ ಬರೆಯೋಕೆ ಬಳಸೋ ಜೂಸ್ ಅನ್ನೋ ಫ್ರೇಮ್‌ವರ್ಕಲ್ಲೇ 2021ರಿಂದ ಈ ಸೌಲಭ್ಯ ಬಂದಿದೆ, ಹಂಗಾಗಿ ಈಗ ಮಾಡ್ದೇ ಇರೋರು ಮನಸ್ಸಿಲ್ದೆ ಮಾಡ್ತಿಲ್ಲ ಅಂತಾನೇ ನಾನು ಅಂದ್ಕೊಳ್ಳೋದು.

ಫೈಲ್ ಕೊಡೋವಾಗ 48 ಕಿಲೋಹರ್ಟ್ಸ್, 24 ಬಿಟ್ ವೇವ್, ಎಲ್ಲ ಸ್ಟೆಮ್ಮೂ (ವಾದ್ಯದ ಗುಂಪುಗಳ ಬೇರೆ ಬೇರೆ ಫೈಲು) ಒಂದೇ ಜಾಗದಿಂದ ಶುರು. ಚಿತ್ರ ಶುರುವಾಗೋಕೆ ಸರಿಯಾಗಿ 2 ಸೆಕೆಂಡ್ ಮುಂಚೆ ಒಂದೇ ಒಂದು ಫ್ರೇಮ್ ಉದ್ದದ ಬೀಪು, ಟೂ ಪಾಪ್ ಅಂತಾರೆ, ಎಡಿಟರ್ ಫೈಲಲ್ಲೂ ಅದನ್ನ ಹಾಕಿಸಿ. ಎರಡು ಬೀಪೂ ಸೇರಿ ಒಂದೇ ಬೀಪಾಗಿ ಕೇಳಿದ್ರೆ ಸಿಂಕ್ ಇದೆ, ಟಿಕ್ ಟಿಕ್ ಅಂತ ಎರಡಾಗಿ ಕೇಳಿದ್ರೆ ಇಲ್ಲ. ಅದಕ್ಕೆ ಯಾರ ಕಣ್ಣೂ ಬೇಡ.

ಕೊನೆಗೆ ಪ್ರಶ್ನೆಗಳು ಬಂತು, ಎರಡನ್ನ ಬರೀತೀನಿ.

ಒಬ್ಬರು ಎಐ ಬಗ್ಗೆ ಕೇಳಿದ್ರು, ವಿಡಿಯೊ ಕೊಟ್ರೆ ಅದೇ ವರ್ಣನೆ ಮಾಡತ್ತಲ್ಲ ಅಂತ. ಬಳಸ್ತೀನಿ. ಅಂಧರಿಗೆ ನೆರವಾಗೋ ಬಿ ಮೈ ಐಸ್ ಆ್ಯಪಲ್ಲಿ 2023ರಿಂದ ಫೋಟೊ ವರ್ಣನೆ ಬಂದಿದೆ, ಒಂದೊಂದು ಫ್ರೇಮ್ ತೆಗೆದು ಕೊಟ್ರೆ ಡೈರೆಕ್ಟರ್ ಹೇಳೋಕೆ ಮರ್ತಿದ್ದನ್ನೂ ಹೇಳತ್ತೆ, ಗೋಡೆ ಮೇಲೆ ಹಾರ ಹಾಕಿದ ಫೋಟೊ ಇದೆ ಅಂತೆಲ್ಲ. ಇಲ್ದೇ ಇರೋದನ್ನೂ ಇದೆ ಅಂತ ಧೈರ್ಯವಾಗಿ ಹೇಳತ್ತೆ, ಅದೂ ಗೊತ್ತಿರ್ಲಿ. ಆ ಫೋಟೊದಲ್ಲಿರೋದು ಹುಡುಗನ ಅಪ್ಪ, ಅದನ್ನ ನೋಡುಗ ಇನ್ನೂ ಗಮನಿಸಬಾರದು, ಹಂಗಾಗಿ ಇಲ್ಲಿ ಮ್ಯೂಸಿಕ್ ಬೇಡ ಅನ್ನೋದನ್ನ ಮಾತ್ರ ಡೈರೆಕ್ಟರೇ ಹೇಳ್ಬೇಕು.

ಇನ್ನೊಬ್ಬರು, ಅವರ ತಮ್ಮನಿಗೆ ದೃಷ್ಟಿ ಇಲ್ಲ, ಶುರು ಮಾಡೋಕೆ ಏನು ಕೊಡಿಸ್ಲಿ ಅಂದ್ರು. ಎನ್‌ವಿಡಿಎ ಫ್ರೀ, ಒಸಾರಾ ಫ್ರೀ, ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡ್ಬಹುದು, ಆಮೇಲೆ ಸಣ್ಣ ಲೈಸೆನ್ಸು 60 ಡಾಲರ್. ಕೀಬೋರ್ಡ್ ಸೆಕೆಂಡ್ ಹ್ಯಾಂಡ್ ಆದ್ರೂ ನಡ್ಯತ್ತೆ, 61 ಕೀ ಸಾಕು. ದುಡ್ಡು ಹಾಕೋದಾದ್ರೆ ಆಡಿಯೊ ಇಂಟರ್‌ಫೇಸಿಗೆ ಹಾಕಿ, ತಗೊಳ್ಳೋವಾಗ ಒಂದು ನೋಡಿ: ವಾಲ್ಯೂಮು, ಗೇನು ಎಲ್ಲ ಕೈಗೆ ಸಿಗೋ ನಿಜವಾದ ತಿರುಗಣೆ ಆಗಿರ್ಬೇಕು, ಟಚ್ ಸ್ಕ್ರೀನು, ಇಲ್ಲಾ ಕಂಪ್ಯೂಟರಲ್ಲಿ ಅದರದೇ ಮಿಕ್ಸರ್ ಆ್ಯಪ್ ತೆಗೆದ್ರೆ ಮಾತ್ರ ಕೆಲಸ ಮಾಡೋದು ಬೇಡ. ಅಂಗಡೀಲಿ ಡಬ್ಬ ತೆಗೆಸಿ, ತಮ್ಮನ್ನೂ ಕರ್ಕೊಂಡು ಹೋಗಿ, ಅವನೇ ಮುಟ್ಟಿ ಆರಿಸ್ಲಿ.